ಮಂಡಿನೋವಿಗೆ ನಮ್ಮದೇ ರಕ್ತ ಮದ್ದೇ?

‘ಡಾಕ್ಟ್ರೇ, ನಮ್ಮದೇ ರಕ್ತ ತೆಗೆದು ಮಂಡಿಗೆ ಚುಚ್ಚಿದರೆ ಸವೆದ ಕೀಲು ಮತ್ತೆ ಬೆಳೆಯುತ್ತದಂತೆ, ಹೌದೇ?’ ಎಂದು ಹಲವರು ಕೇಳುತ್ತಾರೆ.

ಈ ಚಿಕಿತ್ಸೆಯ ಹೆಸರು ಪಿ.ಆರ್.ಪಿ. ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಔಷಧಿ ಬೆರೆಸಿ, ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸುತ್ತಾರೆ. ಅಕ್ಕಿ ತೊಳೆದ ನೀರಿನಲ್ಲಿ ಹಿಟ್ಟು ತಳ ಸೇರುವಂತೆ ಭಾರವಾದ ಕೆಂಪು ರಕ್ತಕಣಗಳು ಕೆಳಗಿಳಿಯುತ್ತವೆ. ಮೇಲೆ ಹಳದಿ ಪ್ಲಾಸ್ಮಾ ನಿಲ್ಲುತ್ತದೆ. ಅದರಲ್ಲಿ ಪ್ಲೇಟ್‌ಲೆಟ್‌ಗಳು ಹೆಚ್ಚಿರುವ ಭಾಗವನ್ನು ಮಾತ್ರ ಕೀಲಿಗೆ ಚುಚ್ಚುತ್ತಾರೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವ ಈ ಕಣಗಳು, ಅಂಗಾಂಶದ ದುರಸ್ತಿಗೆ ನೆರವಾಗುವ ಪ್ರೋಟೀನುಗಳನ್ನೂ ಬಿಡುತ್ತವೆ. ಆಸೆ ಹುಟ್ಟಿದ್ದು ಇದರಿಂದಲೇ.

ಆದರೆ ಆಸ್ಟ್ರೇಲಿಯಾದಲ್ಲಿ ಮಂಡಿ ಸವೆತವಿದ್ದ 288 ಜನರ ಪೈಕಿ ಅರ್ಧದಷ್ಟು ಮಂದಿಗೆ ಪಿ.ಆರ್.ಪಿ., ಉಳಿದವರಿಗೆ ಬರೀ ಸಲೈನ್ ಚುಚ್ಚಿ ನೋಡಿದರು. 2021ರಲ್ಲಿ ಫಲಿತಾಂಶ ಪ್ರಕಟವಾಯಿತು. ವರ್ಷದ ನಂತರ ನೋವಿನಲ್ಲಾಗಲೀ ಮೃದ್ವಸ್ಥಿಯ ಸವೆತದಲ್ಲಾಗಲೀ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಬೇರೆ ಕೆಲವು ಅಧ್ಯಯನಗಳಲ್ಲಿ ನೋವು ತಗ್ಗಿದ್ದೂ ಉಂಟು. ತಯಾರಿಸುವ ವಿಧಾನ ಎಲ್ಲೆಡೆ ಒಂದೇ ಅಲ್ಲ.

ಆದ್ದರಿಂದ ಸಾಲ ಮಾಡಿ ಇದಕ್ಕೆ ಓಡಬೇಡಿ. ಮೊದಲು ತೂಕ ಇಳಿಸಿ, ತೊಡೆಯ ಸ್ನಾಯುಗಳಿಗೆ ವ್ಯಾಯಾಮ ಕೊಡಿ. ಚುಚ್ಚಿಸಿಕೊಳ್ಳುವುದೇ ಆದರೆ ಸೂಜಿ, ಸಿರಿಂಜು, ನಳಿಕೆಗಳು ಹೊಸವೇ ಎಂದು ಸಂಕೋಚವಿಲ್ಲದೆ ಕೇಳಿ. ಪ್ಲೇಟ್‌ಲೆಟ್ ಕಡಿಮೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರಿಗೆ ಮೊದಲೇ ತಿಳಿಸಬೇಕು.