ಹಿತ್ತಾಳೆಯ ಹೊಳಪು ಮತ್ತು ಅದರ ಧೂಳು

ಹಿತ್ತಾಳೆಯ ಪಾತ್ರೆಯನ್ನು ಹುಣಸೆಹಣ್ಣಿನಿಂದ ಬೆಳಗುವ ಪದ್ಧತಿ ನಮ್ಮ ಶ್ರೋತೃಗಳಿಗೆಲ್ಲ ಪರಿಚಿತವಾದದ್ದು. ಅದರಲ್ಲಿ ನಡೆಯುವ ಕೆಲಸಗಳು ಮೂರು. ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ಲೋಹದ ಮೇಲಣ ಕಿಲುಬನ್ನು ಕರಗಿಸುತ್ತದೆ. ನಾರಾಗಲಿ ಬೂದಿಯಾಗಲಿ ಅದನ್ನು ತಿಕ್ಕಿ ಬಿಡಿಸುತ್ತದೆ. ಬಿಡಿಸಿದುದನ್ನು ನೀರು ಕೊಂಡೊಯ್ಯುತ್ತದೆ. ಮೂರನೆಯದು ಲೆಕ್ಕಕ್ಕೆ ಬಾರದ ಕೆಲಸವೆಂದು ತೋರಬಹುದು. ಆದರೆ ನೀರಿಲ್ಲದೆ ಹಿತ್ತಾಳೆಯನ್ನು ಬೆಳಗುವ ಕಡೆಗಳಲ್ಲಿ ಅದರ ಬೆಲೆ ಏನೆಂಬುದು ತಿಳಿಯುತ್ತದೆ.

ಬೆಂಗಳೂರಿನ ವಾಯವ್ಯಕ್ಕೆ, ತುಮಕೂರು ರಸ್ತೆಯ ಆಸುಪಾಸಿನಲ್ಲಿ, 1970ರ ದಶಕದಿಂದ ಬೆಳೆದುಬಂದಿರುವ ಪೀಣ್ಯವು ಸಣ್ಣ ಕಾರ್ಖಾನೆಗಳ ನೆಲೆ. ಲೋಹವನ್ನು ಲೇತಿನಲ್ಲಿ ಕಡೆದು ಬಿಡಿಭಾಗಗಳನ್ನು ಮಾಡುವುದು ಅಲ್ಲಿಯ ಮುಖ್ಯ ಕಸಬುಗಳಲ್ಲೊಂದು. ಬೆರಳಿನ ಗಾತ್ರದ ಸಾವಿರಾರು ಹಿತ್ತಾಳೆಯ ತುಂಡುಗಳನ್ನು ಒಂದೊಂದಾಗಿ ತಿಕ್ಕುವುದು ಆಗದ ಮಾತು. ಆದಕಾರಣ ಇಂಥವನ್ನು ತಿರುಗುವ ಪೀಪಾಯಿಯಲ್ಲಿ, ಕಾರ್ಖಾನೆಯ ಮಾತಿನಲ್ಲಿ ಹೇಳುವುದಾದರೆ ಬ್ಯಾರಲ್‌ನಲ್ಲಿ, ತುಂಬುವರು. ಜತೆಗೆ ಮುಸುಕಿನ ಜೋಳದ ದಿಂಡಿನ ನುಚ್ಚನ್ನೊ ಅಕ್ರೋಟಿನ ಚಿಪ್ಪಿನ ಪುಡಿಯನ್ನೊ ಹಾಕಿ, ಸ್ವಲ್ಪ ಮೆರುಗುಪುಡಿ ಸೇರಿಸಿ, ಗಂಟೆಗಟ್ಟಲೆ ತಿರುಗಿಸುವರು. ಹಾರಿಸಿದ ತೋಟಾಗಳ ಹಿತ್ತಾಳೆಯ ಕೋಶಗಳನ್ನು ಮರಳಿ ತುಂಬುವ ಮೊದಲು ಗುರಿಕಾರರು ಶುಚಿಮಾಡುವ ಕ್ರಮವೂ ಇದೇ.

ಪೀಪಾಯಿಯ ಮುಚ್ಚಳವನ್ನು ತೆರೆದಾಗ ಏಳುವ ಧೂಳು ಒಂದೇ ವಸ್ತುವಲ್ಲ. ಸವೆದ ನುಚ್ಚು, ಒಣಗಿದ ಮೆರುಗುಪುಡಿ, ತುಂಡುಗಳ ಮೇಲಿದ್ದ ಕೊಳೆ, ಉಜ್ಜಿಹೋದ ಲೋಹದ ಕಣ ಇವೆಲ್ಲವೂ ಅದರಲ್ಲಿ ಉಂಟು. ಇವುಗಳಲ್ಲಿ ನಾವು ಹೆದರತಕ್ಕದ್ದು ಸೀಸಕ್ಕೆ. ಲೇತಿನಲ್ಲಿ ಸುಲಭವಾಗಿ ಕಡೆಯಲು ಬರಲೆಂದು ಹಿತ್ತಾಳೆಗೆ ನೂರಕ್ಕೆ ಎರಡರಿಂದ ಮೂರೂವರೆ ಪಾಲಿನವರೆಗೆ ಸೀಸವನ್ನು ಬೆರೆಸುವುದುಂಟು. ಅದು ಹಿತ್ತಾಳೆಯಲ್ಲಿ ಕರಗದೆ ಸಣ್ಣ ಸಣ್ಣ ಗುಳಿಗೆಗಳಾಗಿ ಉಳಿದಿರುತ್ತದೆ. ಹಾರಿಸಿದ ತೋಟಾದಲ್ಲಿಯಾದರೋ ಮದ್ದಿಗೆ ಕಿಡಿಕೊಡುವ ಸೀಸದ ಲವಣವು ಸುಟ್ಟು ಉಳಿದ ಮಸಿಯೇ ಸೀಸವನ್ನು ಹೊತ್ತಿರುತ್ತದೆ. ರಕ್ತದಲ್ಲಿ ಇಷ್ಟು ಸೀಸವಿದ್ದರೆ ಬಾಧೆಯಿಲ್ಲ ಎನ್ನಬಹುದಾದ ಮಟ್ಟ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಳೆಯುವ ಮಕ್ಕಳ ಮಿದುಳಿಗಂತೂ ಅದು ಕಡುವೈರಿ.

ಕಣ್ಣಿಗೆ ಕಾಣುವ ಧೂಳಿಗಿಂತ ಕಾಣದ ಧೂಳು ಹೆಚ್ಚು ಅಪಾಯಕರ. ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ನೀರಿನಷ್ಟೇ ಸಾಂದ್ರತೆಯುಳ್ಳ 10 ಮೈಕ್ರಾನಿನ ಕಣವು ನಿಶ್ಚಲವಾದ ಗಾಳಿಯಲ್ಲಿ ಆಳೆತ್ತರದಿಂದ ನೆಲಕ್ಕಿಳಿಯಲು ಎಂಟು ಹತ್ತು ನಿಮಿಷ ಸಾಕು. 1 ಮೈಕ್ರಾನಿನ ಕಣಕ್ಕೆ ಹನ್ನೆರಡು ಗಂಟೆಗೂ ಮೀರಿದ ಕಾಲ ಬೇಕು. ಬೆಳಗಿನ ಪಾಳಿಯಲ್ಲಿ ಎಬ್ಬಿಸಿದ ಧೂಳನ್ನು ರಾತ್ರಿಯ ಪಾಳಿಯವನು ಉಸಿರಾಡುವನೆಂದಾಯಿತು. ಪೊರಕೆಯಿಂದ ಗುಡಿಸುವುದೂ ಗಾಳಿಯ ಕೊಳವೆಯಿಂದ ಊದಿ ಶುಚಿಮಾಡುವುದೂ ನೆಲಕ್ಕಿಳಿದುದನ್ನು ಮತ್ತೆ ಮೇಲಕ್ಕೆಬ್ಬಿಸುವ ಉಪಾಯಗಳಲ್ಲದೆ ಬೇರೆಯಲ್ಲ.

ಹಾಗಾದರೆ ಮಾಡತಕ್ಕದ್ದೇನು? ಧೂಳನ್ನು ಓಡಿಸಲು ನೋಡದೆ ಹುಟ್ಟಿದಲ್ಲಿಯೇ ಕಟ್ಟಿಹಾಕಬೇಕು. ತುಂಡುಗಳನ್ನು ಮೊದಲೇ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿದರೆ ಕೊಳೆಯ ಬಹುಭಾಗ ಪೀಪಾಯಿಗೆ ಸೇರುವುದೇ ಇಲ್ಲ. ಪ್ರತಿ ಸರದಿಯಲ್ಲಿ ಹೀರುಕಾಗದದ ಅಥವಾ ಹಳೆಯ ಬಟ್ಟೆಯ ನಾಲ್ಕಾರು ಚೂರುಗಳನ್ನು ಸೇರಿಸಿದರೆ ನವುರಾದ ಧೂಳು ಅವಕ್ಕೆ ಅಂಟಿಕೊಳ್ಳುವುದು. ಮುಗಿದೊಡನೆ ಅವನ್ನು ತೆಗೆದುಬಿಡಬೇಕು. ಸವೆದು ಬೂದಿಬಣ್ಣಕ್ಕೆ ತಿರುಗಿದ ನುಚ್ಚನ್ನು ಜಿಪುಣತನದಿಂದ ಮುಂದುವರಿಸಬಾರದು. ಯಂತ್ರ ನಿಂತ ಮೇಲೆ ಸ್ವಲ್ಪ ಹೊತ್ತು ತಡೆದು ಮುಚ್ಚಳ ತೆಗೆಯಬೇಕು. ಜರಡಿ ಹಿಡಿಯುವುದು ಮುಚ್ಚಿದ ಪೆಟ್ಟಿಗೆಯೊಳಗೆ ನಡೆಯಬೇಕು. ನೆಲವನ್ನು ಒದ್ದೆಬಟ್ಟೆಯಿಂದ ಒರಸಬೇಕು. ಮೂಗಿಗೆ ಕಟ್ಟುವ ಕರವಸ್ತ್ರ ಇಂಥ ಕಣಗಳಿಗೆ ತಡೆಯಲ್ಲ. ತಕ್ಕ ಮುಖವಾಡವಾದರೂ ಕಟ್ಟಕಡೆಯ ರಕ್ಷಣೆಯೇ ಹೊರತು ಮೊದಲನೆಯದಲ್ಲ.

ದ್ರವರೂಪದ ಮೆರುಗನ್ನು ಕೆಲವು ಹನಿ ಬೆರೆಸಿದರೂ ಧೂಳು ತಗ್ಗುತ್ತದೆ; ಆದರೆ ಅದರಲ್ಲಿ ಅಮೋನಿಯ ಇರಕೂಡದು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೈನ್ಯದ ತೋಟಾಗಳು ಮಳೆಗಾಲದಲ್ಲಿ ತಾವಾಗಿ ಬಿರಿಯುತ್ತಿದ್ದುವು. ಅವುಗಳನ್ನು ಕುದುರೆಯ ಲಾಯಗಳಲ್ಲಿ ಇಡುತ್ತಿದ್ದರು. ಕುದುರೆಯ ಮೂತ್ರದಿಂದೇಳುವ ಅಮೋನಿಯವು ತೇವದೊಡನೆ ಕೂಡಿ, ಒಳಬಿಗಿತವುಳ್ಳ ಹಿತ್ತಾಳೆಯನ್ನು ಸೀಳುತ್ತಿತ್ತೆಂಬ ಕಾರಣವನ್ನು ಮೂರ್, ಬೆಕಿನ್‌ಸೇಲ್, ಮ್ಯಾಲಿನ್‌ಸನ್ ಎಂಬವರು 1921ರಲ್ಲಿ ವಿವರಿಸಿದರು. ಹೊಳಪಿನ ಆಸೆಯಿಂದ ಲೋಹದ ಬಲವನ್ನೇ ಕಳೆಯಬಾರದಷ್ಟೆ.

ಇವೆಲ್ಲಕ್ಕೂ ಮೇಲಾದ ಉಪಾಯ ನೀರಿನಲ್ಲಿಯೇ ಆಡಿಸುವುದು. ನೀರು, ಸ್ವಲ್ಪ ಸೋಪು, ನಿಂಬೆಯ ಹುಳಿಯಾದ ಸಿಟ್ರಿಕ್ ಆಮ್ಲ, ತುಕ್ಕುಹಿಡಿಯದ ಉಕ್ಕಿನ ಸಣ್ಣ ಕಡ್ಡಿಗಳು ಇವಿಷ್ಟಿದ್ದರೆ ಆಡಿಸುವಾಗ ಧೂಳೇ ಏಳದು. ಆದರೆ ಇಲ್ಲಿ ಒಂದು ಮೋಸವಿದೆ. ಗಾಳಿಯಿಂದ ತೆಗೆದ ಸೀಸ ಇಲ್ಲದೆ ಹೋಗುವುದಿಲ್ಲ. ತಾಮ್ರ ಸತುವುಗಳೊಡನೆ ನೀರಿಗೆ ಸೇರುತ್ತದೆ. ಆ ನೀರನ್ನು ಮೋರಿಗೆ ಚೆಲ್ಲಿದರೆ ಕೆಲಸಗಾರನ ಎದೆಯಲ್ಲಿದ್ದ ಕಷ್ಟವನ್ನು ಊರಿನ ಬಾವಿಗೆ ಸಾಗಿಸಿದಂತಾಯಿತು. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಬೆರೆತಿರುವುದು ಪರೀಕ್ಷೆಗಳಿಂದ ಈಗಾಗಲೇ ಗೊತ್ತಾಗಿದೆ; ಅದರ ಮೇಲೆ ಇದೂ ಬೇಡ. ಹುಳಿನೀರಿಗೆ ಸುಣ್ಣ ಬೆರೆಸಿ ಲೋಹವನ್ನು ತಳಕ್ಕಿಳಿಸಿ, ಆ ಕೆಸರನ್ನು ಅಪಾಯಕರ ತ್ಯಾಜ್ಯವೆಂದೆಣಿಸಿ, ಅದಕ್ಕಾಗಿ ಏರ್ಪಟ್ಟ ಸಂಸ್ಕರಣಕ್ಕೆ ಕಳುಹಿಸುವುದೇ ಧರ್ಮ.

ಧೂಳನ್ನು ಅದು ಹುಟ್ಟುವ ಸ್ಥಳಕ್ಕೆ ಆದಷ್ಟು ಸಮೀಪದಲ್ಲಿಯೇ ಹೀರಿ ತೆಗೆಯಬೇಕು, ಆ ಸ್ಥಳವನ್ನು ಆದಷ್ಟು ಮುಚ್ಚಬೇಕು ಎಂದು 1948ರ ಕಾರ್ಖಾನೆಗಳ ಕಾಯಿದೆಯ 14ನೆಯ ಪ್ರಕರಣವೇ ವಿಧಿಸಿತ್ತು. ಅದೇ ಕಾಯಿದೆಯಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಯಲ್ಲಿ ಸೀಸದ ವಿಷಕ್ಕೇ ಮೊದಲ ಸ್ಥಾನ. ತತ್ತ್ವ ಹೊಸದಲ್ಲ, ಸಾಲದಿರುವುದು ಆಚರಣೆ.

ಕಾಯಿದೆ ತಲುಪದ ಜಾಗ ಇನ್ನೊಂದಿದೆ. ಅದು ಕೆಲಸಗಾರನ ಮನೆ. ಅಂಗಿಯ ಮಡಿಕೆಯಲ್ಲಿ, ಕೂದಲಿನಲ್ಲಿ, ಉಗುರಿನ ಸಂದಿಯಲ್ಲಿ ಕುಳಿತ ಧೂಳು ಸಂಜೆ ಅವನೊಡನೆ ಹೊರಟು, ಅವನನ್ನು ಅಪ್ಪಿಕೊಳ್ಳುವ ಮಗುವನ್ನು ಮುಟ್ಟುತ್ತದೆ. ಕೈ ಮುಖ ತೊಳೆಯಲು ನೀರು ಸೋಪು, ಬಟ್ಟೆ ಬದಲಾಯಿಸಲು ಒಂದು ಕೋಣೆ, ಉಣ್ಣಲು ಯಂತ್ರದಿಂದ ದೂರವಾದ ಒಂದು ಜಾಗ ಇವು ಮಾಲೀಕನಿಗೆ ದೊಡ್ಡ ವೆಚ್ಚವಲ್ಲ. ಸರಕನ್ನು ಕೊಳ್ಳುವ ವ್ಯಾಪಾರಿಗಳೂ ಎಂಜಿನಿಯರುಗಳೂ ತುಂಡಿನ ಅಳತೆಯನ್ನೂ ಹೊಳಪನ್ನೂ ಪರೀಕ್ಷಿಸುವಾಗ ಈ ಮೂರನ್ನೂ ವಿಚಾರಿಸಿದರೆ ಅರ್ಧ ಕೆಲಸ ಆದಂತೆಯೇ ಸರಿ.