ಕೈಚೀಲಕ್ಕೂ ಬೆಲೆ: ಗ್ರಾಹಕರು ಅರಿಯಬೇಕಾದ್ದೇನು?

ದೊಡ್ಡಬಳ್ಳಾಪುರವಿರಲಿ, ಹೊಸಕೋಟೆಯಿರಲಿ, ಸೂಪರ್ ಮಾರ್ಕೆಟ್‌ನ ಬಿಲ್ಲಿಂಗ್ ಕೌಂಟರ್‌ನಲ್ಲಿ ಕೊನೆಗೆ ಕೇಳಿಬರುವ ಪ್ರಶ್ನೆ ಒಂದೇ: ‘ಬ್ಯಾಗ್ ಬೇಕಾ ಸಾರ್?’ ಅಷ್ಟರಲ್ಲಿ ಅಕ್ಕಿ, ಬೇಳೆ, ಎಣ್ಣೆ, ಸೋಪುಗಳ ಲೆಕ್ಕ ಮುಗಿದಿರುತ್ತದೆ. ಹಿಂದೆ ಜನ ಸಾಲುಗಟ್ಟಿ ಕಾಯುತ್ತಿರುತ್ತಾರೆ. ಬರಿಗೈಯಲ್ಲಿ ಬಂದ ಗ್ರಾಹಕ ತಲೆಯಾಡಿಸುತ್ತಾನೆ. ಬಿಲ್ಲಿಗೆ ಇನ್ನೊಂದು ಸಾಲು ಸೇರುತ್ತದೆ.

ಮೊತ್ತ ಸಣ್ಣದು, ನಿಜ. ಆದರೆ ಈ ಹಣ ಕೇಳುವ ಹಕ್ಕು ಅಂಗಡಿಗೆ ಎಲ್ಲಿಂದ ಬಂತು, ಗ್ರಾಹಕನಿಗಿರುವ ಹಕ್ಕೇನು ಎಂಬುದು ಬಹುತೇಕರಿಗೆ ತಿಳಿದಿಲ್ಲ.

ನಿಯಮ ಬಂತು, ಹೋಯಿತು

ಕೇಂದ್ರ ಸರ್ಕಾರ 2011ರ ಫೆಬ್ರುವರಿಯಲ್ಲಿ ಹೊರಡಿಸಿದ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಚಿಲ್ಲರೆ ವ್ಯಾಪಾರಿಗಳು ಪ್ಲಾಸ್ಟಿಕ್ ಕೈಚೀಲವನ್ನು ಉಚಿತವಾಗಿ ನೀಡಕೂಡದೆಂದು ವಿಧಿಸಿದವು. ಬೆಲೆ ತೆರಬೇಕಾದರೆ ಜನ ಮನೆಯಿಂದಲೇ ಚೀಲ ತರುತ್ತಾರೆ ಎಂಬುದು ಇದರ ಹಿಂದಿನ ಆಶಯ. 2016ರ ನಿಯಮಗಳಲ್ಲಿಯೂ ಚೀಲದ ಬೆಲೆಗೆ ಸಂಬಂಧಿಸಿದ 15ನೇ ನಿಯಮವಿತ್ತು. 2018ರ ಮಾರ್ಚ್ ತಿದ್ದುಪಡಿಯಲ್ಲಿ ಅದನ್ನು ಕೈಬಿಡಲಾಯಿತು.

ಈ ನಡುವೆ ರಾಜ್ಯ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ಪ್ಲಾಸ್ಟಿಕ್ ಕೈಚೀಲಗಳ ತಯಾರಿಕೆ, ಮಾರಾಟ ಹಾಗೂ ಬಳಕೆಯನ್ನೇ ನಿಷೇಧಿಸಿತು. ಮಳಿಗೆಗಳು ಕಾಗದ ಮತ್ತು ಬಟ್ಟೆಯ ಚೀಲಗಳತ್ತ ಹೊರಳಿದವು. ಪ್ಲಾಸ್ಟಿಕ್ಕಿನ ಬಳಕೆ ತಗ್ಗಿಸಲೆಂದು ಬಂದ ಶುಲ್ಕ ಹೀಗೆ ಬಟ್ಟೆ ಚೀಲದ ಮೇಲೂ ಉಳಿದುಕೊಂಡಿತು.

ಆಯೋಗಗಳು ಹೇಳಿದ್ದೇನು?

2020ರ ಡಿಸೆಂಬರ್ 22ರಂದು ಬಿಗ್ ಬಜಾರ್ ಪ್ರಕರಣದಲ್ಲಿ ರಾಷ್ಟ್ರೀಯ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗ ಮಹತ್ವದ ಆದೇಶ ನೀಡಿತು. ಮುನ್ಸೂಚನೆಯಿಲ್ಲದೆ ಹಣ ಪಾವತಿಸುವ ಹೊತ್ತಿನಲ್ಲಿ ಚೀಲದ ಬೆಲೆ ಸೇರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂಬುದು ಅದರ ತಿರುಳು. ಚೀಲಕ್ಕೆ ಬೆಲೆಯುಂಟೆಂಬುದು, ಅದೆಷ್ಟೆಂಬುದು ಗ್ರಾಹಕನಿಗೆ ಮಳಿಗೆಯನ್ನು ಆಯ್ದುಕೊಳ್ಳುವ ಮುನ್ನವೇ ತಿಳಿಯಬೇಕು ಎಂದು ಆಯೋಗ ಹೇಳಿತು.

ಇಂಥದೇ ಪ್ರಕರಣ ನೆಲಮಂಗಲದ ಹಾದಿಯಲ್ಲೂ ನಡೆದಿದೆ. ತುಮಕೂರು ರಸ್ತೆಯ ನಾಗಸಂದ್ರದಲ್ಲಿರುವ ಐಕಿಯಾ ಮಳಿಗೆಯಲ್ಲಿ ಕಂಪನಿಯ ಲಾಂಛನವಿದ್ದ ಚೀಲಕ್ಕೆ 20 ರೂಪಾಯಿ ಪಡೆದದ್ದನ್ನು ಗ್ರಾಹಕರೊಬ್ಬರು ಪ್ರಶ್ನಿಸಿದ್ದರು. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಗ್ರಾಹಕ ಆಯೋಗ ಆ 20 ರೂಪಾಯಿಯನ್ನು ಬಡ್ಡಿಸಹಿತ ಹಿಂತಿರುಗಿಸಿ, ಪರಿಹಾರ ಹಾಗೂ ವ್ಯಾಜ್ಯದ ವೆಚ್ಚವಾಗಿ 3,000 ರೂಪಾಯಿ ನೀಡಲು ಆದೇಶಿಸಿತು.

ಬೇರೆ ದೇಶಗಳ ಪಾಠ

ಐರ್ಲೆಂಡ್ 2002ರ ಮಾರ್ಚ್‌ನಲ್ಲಿ ಪ್ರತಿ ಪ್ಲಾಸ್ಟಿಕ್ ಚೀಲಕ್ಕೆ 15 ಸೆಂಟ್ ತೆರಿಗೆ ವಿಧಿಸಿದಾಗ ಬಳಕೆ ಸುಮಾರು ಶೇ 90ರಷ್ಟು ಕುಸಿಯಿತು. ಆ ಹಣ ಅಂಗಡಿಗಲ್ಲ, ಪರಿಸರ ನಿಧಿಗೆ ಸೇರಿತು. ಇಂಗ್ಲೆಂಡ್‌ನಲ್ಲಿ 2015ರಲ್ಲಿ 5 ಪೆನ್ಸ್ ಇದ್ದ ಶುಲ್ಕ 2021ರಲ್ಲಿ 10 ಪೆನ್ಸ್ ಆಯಿತು. ಅಲ್ಲಿ ಗ್ರಾಹಕರೇ ಸರಕು ಸ್ಕ್ಯಾನ್ ಮಾಡಿ ಹಣ ಕಟ್ಟುವ ಸೆಲ್ಫ್ ಚೆಕ್‌ಔಟ್ ಯಂತ್ರಗಳು ‘ಎಷ್ಟು ಚೀಲ ಬಳಸಿದಿರಿ?’ ಎಂದು ಪರದೆಯ ಮೇಲೆ ಕೇಳುತ್ತವೆ. ಉತ್ತರ ಗ್ರಾಹಕನ ಪ್ರಾಮಾಣಿಕತೆಗೆ ಬಿಟ್ಟದ್ದು. ದರ ಎಲ್ಲರಿಗೂ ಮೊದಲೇ ಗೊತ್ತಿರುವುದರಿಂದ ಚೀಲ ಒಯ್ಯುವ ಅಭ್ಯಾಸ ಬೆಳೆದಿದೆ.

ನಮ್ಮಲ್ಲಿ ತೊಡಕಿರುವುದು ಇಲ್ಲಿಯೇ. ಮನೆಯಿಂದ ಚೀಲ ತಂದರೆ ಅದನ್ನು ಬಾಗಿಲಲ್ಲೇ ಇರಿಸಿ ಟೋಕನ್ ಪಡೆಯಿರಿ ಎನ್ನುವ ಮಳಿಗೆಗಳುಂಟು. ಕೌಂಟರ್ ತಲುಪಿದಾಗ ಕೈಯಲ್ಲಿ ಚೀಲವಿರುವುದಿಲ್ಲ. ಇದಕ್ಕೆ ಗ್ರಾಹಕರು ತಮ್ಮದೇ ಉಪಾಯ ಕಂಡುಕೊಂಡಿದ್ದಾರೆ. ಸ್ಕೂಟರಿನ ಡಿಕ್ಕಿಯಲ್ಲಿ ಸದಾ ಒಂದು ಚೀಲ ಇಡುವವರಿದ್ದಾರೆ. ಸರಕನ್ನು ಟ್ರಾಲಿಯಲ್ಲೇ ವಾಹನದವರೆಗೆ ತಳ್ಳಿಕೊಂಡು ಹೋಗುವವರಿದ್ದಾರೆ. ಖಾಲಿ ರಟ್ಟಿನ ಪೆಟ್ಟಿಗೆ ಕೇಳಿ ಪಡೆಯುವವರೂ ಇದ್ದಾರೆ.

ಕೊಂಡ ಚೀಲ ನಿಜಕ್ಕೂ ಬಟ್ಟೆಯದೇ ಎಂಬುದನ್ನೂ ಗಮನಿಸಬೇಕು. ನೇಯದ ಬಟ್ಟೆ ಎಂದು ಮಾರುವ ಚೀಲಗಳು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನವು. ಬೆಂಗಳೂರಿನ ಕಸ ತಮ್ಮ ಊರ ಬಳಿ ಬಂದು ಬೀಳುವುದನ್ನು ವಿರೋಧಿಸಿ ಬೀದಿಗಿಳಿದ ದೊಡ್ಡಬಳ್ಳಾಪುರ ತಾಲ್ಲೂಕಿನ ಗ್ರಾಮಸ್ಥರಿಗೆ ಈ ವ್ಯತ್ಯಾಸದ ಅರ್ಥ ಚೆನ್ನಾಗಿ ಗೊತ್ತು. ಮಗ್ಗಗಳಿಗೆ ಹೆಸರಾದ ಇದೇ ಊರಿನ ಸುತ್ತಮುತ್ತ ನಿಜವಾದ ಬಟ್ಟೆ ಚೀಲ ಅಪರೂಪವಾಗಬೇಕಿಲ್ಲ.

ಏನು ಮಾಡಬಹುದು?

ಮಳಿಗೆ ಪ್ರವೇಶಿಸುವಾಗ ಚೀಲದ ದರಪಟ್ಟಿ ಇದೆಯೇ ನೋಡಿ. ಬೇಡವಾದರೆ ಸ್ಪಷ್ಟವಾಗಿ ಬೇಡವೆನ್ನಿ. ಕೇಳದೆ ಸೇರಿಸಿದ್ದರೆ ಬಿಲ್ಲಿನಿಂದ ತೆಗೆಸಿ. ತಕರಾರು ಬಗೆಹರಿಯದಿದ್ದಲ್ಲಿ ಬಿಲ್ ಕಾಯ್ದಿರಿಸಿಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಶುಲ್ಕವಿಲ್ಲ. ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು.

ಚೀಲಕ್ಕೆ ಬೆಲೆ ಇರುವುದೇ ತಪ್ಪೆಂದಲ್ಲ. ಮೊದಲೇ ತಿಳಿಸಿದ ಬೆಲೆ ಗ್ರಾಹಕನಿಗೆ ಮನೆಯ ಚೀಲವನ್ನು ನೆನಪಿಸುತ್ತದೆ. ಕೊನೆಯ ಗಳಿಗೆಯಲ್ಲಿ ಹೇಳಿದ ಬೆಲೆ ಅಂಗಡಿಯ ಗಲ್ಲಾಪೆಟ್ಟಿಗೆಯನ್ನಷ್ಟೇ ತುಂಬುತ್ತದೆ.