ಹಿಮ್ಮಡಿಯ ಮುಳ್ಳು: ಕೊಯ್ಯಿಸಬೇಕೆ, ಕಾಯಬೇಕೆ?

ಪುರಾಣಪುರುಷರಿಗೆ ಪಾದದಲ್ಲಿ ತಗುಲಿದ ಪೆಟ್ಟು ಸಾಮಾನ್ಯವಾದುದಲ್ಲ. ಕುರುಕ್ಷೇತ್ರದ ಹದಿನೆಂಟು ದಿನಗಳ ಬಾಣವರ್ಷದ ನಡುವೆ ಅಳುಕದೆ ರಥ ನಡೆಸಿದ ಶ್ರೀಕೃಷ್ಣನು ಕೊನೆಗೆ ಅವತಾರವನ್ನು ಮುಗಿಸಿದುದು ಜರನೆಂಬ ಬೇಡನೊಬ್ಬನ ಬಾಣ ಅಂಗಾಲಿಗೆ ನಾಟಿ. ಗ್ರೀಕರ ವೀರ ಅಕಿಲೀಸನ ಮೈಯೆಲ್ಲ ವಜ್ರವಾದರೂ ಹಿಮ್ಮಡಿಯೊಂದು ಮಾತ್ರ ಬರಿಯ ಮಾಂಸವಾಗಿಯೇ ಉಳಿದಿತ್ತು. ಮೃತ್ಯು ಆ ಬಾಗಿಲಿನಿಂದಲೇ ಒಳಹೊಕ್ಕಿತು. ಅಂಥವರ ಪಾಡೇ ಹೀಗಿರುವಾಗ, ದಿನಕ್ಕೆ ನಾಲ್ಕು ಗಂಟೆ ಸಿಮೆಂಟಿನ ನೆಲದ ಮೇಲೆ ನಿಂತು ಹಳಗನ್ನಡದ ವ್ಯಾಕರಣವನ್ನು ಬೋಧಿಸುವ ನನ್ನಂಥ ಉಪನ್ಯಾಸಕನ ಹಿಮ್ಮಡಿ ಮುನಿದುಕೊಂಡುದರಲ್ಲಿ ಆಶ್ಚರ್ಯವೇನು?

2022ರ ಮಳೆಗಾಲದ ಒಂದು ಬೆಳಗ್ಗೆ ಹಾಸಿಗೆಯಿಂದೆದ್ದು ಬಲಗಾಲನ್ನು ನೆಲಕ್ಕೂರಿದೊಡನೆ ಹಿಮ್ಮಡಿಯ ಒಳಮಗ್ಗುಲಿನಲ್ಲಿ ಯಾರೋ ದಬ್ಬಳದಿಂದ ಚುಚ್ಚಿದಂತಾಯಿತು. ಗೋಡೆ ಹಿಡಿದು ಹತ್ತು ಹೆಜ್ಜೆ ನಡೆದೆ, ನೋವು ಕರಗಿತು. ಎಲ್ಲೋ ಉಳುಕಿರಬೇಕೆಂದು ಮರೆತೆ. ಮರುದಿನವೂ ಅದೇ ದಬ್ಬಳ, ಅದೇ ಗೋಡೆ. ಬೆಳಗಿನ ಮೊದಲ ಹೆಜ್ಜೆಗೆ ಕಾಡುವುದು, ನಡೆದಂತೆ ತಗ್ಗುವುದು, ಹೆಚ್ಚು ಹೊತ್ತು ನಿಂತ ದಿನ ಸಂಜೆಗೆ ಮರಳುವುದು: ಇದು ಈ ವ್ಯಾಧಿಯ ಹುಟ್ಟುಗುಣವೆಂದು ನನಗೆ ತಿಳಿದುದು ಬಹಳ ತಡವಾಗಿ.

"ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕದ ಎಲೆ ಹರಡಿ ಕಾಲಿಡೋ, ಮೂರು ದಿನದಲ್ಲಿ ಹೋಗುತ್ತೆ" ಎಂದರು ನಮ್ಮ ತಾಯಿ. ಇಟ್ಟಿಗೆಯ ಮೇಲೆ ಕಾಲಿಟ್ಟಷ್ಟು ಹೊತ್ತು ಹಿತವೆನಿಸಿದುದು ನಿಜ; ಬೆಳಗಾದರೆ ದಬ್ಬಳ ಹಾಜರು. ಎಕ್ಸ್‌ರೇ ತೆಗೆಸಿದುದಾಯಿತು. ಹಿಮ್ಮಡಿಯ ಮೂಳೆಯ ತಳದಿಂದ ಮುಂದಕ್ಕೆ ಚಾಚಿದ ಸಣ್ಣದೊಂದು ಕೊಕ್ಕು ಅದರಲ್ಲಿ ಸ್ಪಷ್ಟವಾಗಿ ಕಂಡಿತು. "ಮೂಳೆ ಬೆಳೆದಿದೆಯಂತೆ" ಎಂಬ ಸುದ್ದಿ ಮನೆಯಿಂದ ಕಾಲೇಜಿನವರೆಗೂ ಹರಡಿತು. ಒಮ್ಮೆ ಸ್ಟೀರಾಯ್ಡ್ ಚುಚ್ಚುಮದ್ದನ್ನೂ ಹಾಕಿಸಿಕೊಂಡೆ. ಆರು ವಾರ ಸ್ವರ್ಗಸುಖ. ಏಳನೆಯ ವಾರ ಮತ್ತೆ ಭೂಲೋಕ. ಹೀಗೆ ವರ್ಷ ಕಳೆದ ಮೇಲೆ ಮನಸ್ಸು ಗಟ್ಟಿಮಾಡಿಕೊಂಡು, 2023ರ ದಸರೆಯ ರಜೆಯಲ್ಲಿ ಕೊಯ್ಯಿಸಿಬಿಡುವುದೆಂದು ನಿಶ್ಚಯಿಸಿ ಮೂಳೆತಜ್ಞರೊಬ್ಬರ ಬಳಿ ಹೋದೆ.

ಬಿಲ್ಲು ಮತ್ತು ಹೆದೆ

ಅಂದು ಆ ವೈದ್ಯರು ಕಾಗದದ ಮೇಲೆ ಗೆರೆ ಎಳೆದು ತಿಳಿಸಿದ ಮಾತನ್ನು ಮೊದಲು ಹೇಳಬೇಕು. ನಮ್ಮ ಅಂಗಾಲು ಒಂದು ಬಿಲ್ಲಿನಂತೆ ಬಾಗಿದೆ. ಆ ಬಿಲ್ಲಿಗೆ ಹೆದೆ ಬೇಡವೇ? ಹಿಮ್ಮಡಿಯ ಮೂಳೆಯಿಂದ ಹೊರಟು ಐದು ಬೆರಳುಗಳ ಬುಡದವರೆಗೆ ಬೀಸಣಿಗೆಯಂತೆ ಹರಡಿರುವ ಗಟ್ಟಿಮುಟ್ಟಾದ ತಂತುಪಟ್ಟಿಯೇ ಆ ಹೆದೆ. ವೈದ್ಯರ ಭಾಷೆಯಲ್ಲಿ ಅದು ಪ್ಲಾಂಟರ್ ಫೇಶಿಯಾ. ನಾವು ಹೆಜ್ಜೆಯೆತ್ತುವಾಗ ಹೆಬ್ಬೆರಳು ಮೇಲಕ್ಕೆ ಬಾಗುತ್ತದೆ; ಬಾವಿಯ ದಿಂಡಿಗೆ ಹಗ್ಗ ಸುತ್ತಿಕೊಳ್ಳುವಂತೆ ಆ ಪಟ್ಟಿ ಬೆರಳಿನ ಬುಡದ ಸುತ್ತ ಬಿಗಿಯುತ್ತದೆ; ಅಂಗಾಲಿನ ಕಮಾನು ಮೇಲೇರಿ ಪಾದ ಗಟ್ಟಿಯಾಗುತ್ತದೆ. 1954ರಲ್ಲಿ ಜೆ. ಎಚ್. ಹಿಕ್ಸ್ ಎಂಬ ಇಂಗ್ಲೆಂಡಿನ ವಿದ್ವಾಂಸರು ಈ ಚಮತ್ಕಾರವನ್ನು ವಿವರಿಸಿದರು. ಹೆಜ್ಜೆಹೆಜ್ಜೆಗೂ ಎಳೆತಕ್ಕೆ ಸಿಕ್ಕುವ ಈ ಹೆದೆ, ಹಿಮ್ಮಡಿಗೆ ಅಂಟಿಕೊಂಡ ಕಡೆ ಸವೆದು ಜೀರ್ಣವಾದಾಗ ಹುಟ್ಟುವುದೇ ನಮ್ಮ ನೋವು.

ಬಹುಕಾಲ ಇದನ್ನು ಉರಿಯೂತವೆಂದೇ ಎಣಿಸಿದ್ದರು. ಶಸ್ತ್ರಚಿಕಿತ್ಸೆಯಾದ 50 ಪ್ರಕರಣಗಳ ತಂತುಗಳನ್ನು ಪರೀಕ್ಷಿಸಿ 2003ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಅಲ್ಲಿ ಕಂಡುದು ಉರಿಯೂತವಲ್ಲ, ಜೀರ್ಣತೆ ಎಂದು ಹೇಳಿತು. ಬಹುಹೊತ್ತು ನಿಲ್ಲುವ ವೃತ್ತಿ, ಹೆಚ್ಚಿದ ಮೈತೂಕ, ಬಿಗಿದ ಮೀನಖಂಡ: ಇವು ಮೂರೂ ಇದರ ಮಿತ್ರರು. ಇಂಗ್ಲಿಷರು ಇದನ್ನು ಪೊಲೀಸರ ಹಿಮ್ಮಡಿ ಎಂದು ಕರೆದುದು ಸುಮ್ಮನೆ ಅಲ್ಲ.

ಇನ್ನು ಆ ಮೂಳೆಯ ಕೊಕ್ಕು. ಸುಶ್ರುತಸಂಹಿತೆಯಲ್ಲಿ ಪಾದವನ್ನು ಅಡ್ಡಾದಿಡ್ಡಿಯಾಗಿ ಇಟ್ಟುದರಿಂದ ಬರುವ ನೋವಿಗೆ 'ವಾತಕಂಟಕ' ಎಂಬ ಹೆಸರಿದೆ, ಕಂಟಕವೆಂದರೆ ಮುಳ್ಳು. ಅನುಭವಕ್ಕೆ ಎಷ್ಟು ಒಪ್ಪುವ ಮಾತು! ಆದರೆ ಎಕ್ಸ್‌ರೇಯಲ್ಲಿ ಕಾಣುವ ಕೊಕ್ಕೇ ಚುಚ್ಚುವ ಮುಳ್ಳೆಂದು ಭಾವಿಸುವುದು ಸರಿಯಲ್ಲ. ನೋವಿನ ಸುಳಿವೇ ಇಲ್ಲದ ಅನೇಕರ ಹಿಮ್ಮಡಿಯಲ್ಲಿ ಅಂಥದೇ ಕೊಕ್ಕು ಇರುತ್ತದೆ. ನೋವಿನಿಂದ ನರಳುವ ಕೆಲವರಲ್ಲಿ ಇರುವುದೇ ಇಲ್ಲ. ಆದುದರಿಂದ ಬೆಳೆದ ಮೂಳೆಯನ್ನು ಕತ್ತರಿಸಿಬಿಟ್ಟರೆ ನೋವು ಹೋದೀತೆಂಬ ನನ್ನ ಲೆಕ್ಕ ಮೊದಲ ಸಾಲಿನಲ್ಲಿಯೇ ತಪ್ಪಿತ್ತು.

ವೈದ್ಯರ ಒಂದು ಪ್ರಶ್ನೆ

ಎಲ್ಲವನ್ನೂ ಕೇಳಿದ ಮೇಲೆ ವೈದ್ಯರು ಕೇಳಿದುದು ಒಂದೇ ಪ್ರಶ್ನೆ. "ಮೇಷ್ಟ್ರೇ, ಅಂಗಾಲು ಎಳೆಯುವ ವ್ಯಾಯಾಮ ಹೇಳಿಕೊಟ್ಟಿದ್ದರಲ್ಲ, ಎಷ್ಟು ದಿನ ಮಾಡಿದಿರಿ?"

"ಮಾಡುತ್ತಿದ್ದೆ, ಡಾಕ್ಟರೇ..."

"ಎಷ್ಟು ದಿನ?"

"ಹತ್ತು ದಿನವಿರಬಹುದು."

"ವಿದ್ಯಾರ್ಥಿಯೊಬ್ಬ ಹತ್ತು ದಿನ ಓದಿ, ಪಾಠ ತಲೆಗೆ ಹತ್ತಲಿಲ್ಲ, ಬೇರೆ ದಾರಿ ತೋರಿಸಿ ಎಂದರೆ ನೀವೇನು ಹೇಳುತ್ತೀರಿ?"

ನಾನು ತಲೆತಗ್ಗಿಸಿದೆ. ವರ್ಷವೆಲ್ಲ ನೋವು ಪಟ್ಟಿದ್ದೆ. ವರ್ಷವೆಲ್ಲ ಚಿಕಿತ್ಸೆ ಮಾಡಿರಲಿಲ್ಲ. ಇವೆರಡರ ಅಂತರ ನನಗೆ ಹೊಳೆದಿರಲೇ ಇಲ್ಲ.

ಆ ವ್ಯಾಯಾಮವಾದರೂ ಎಷ್ಟು ಸರಳ! ಬೆಳಗ್ಗೆ ನೆಲಕ್ಕೆ ಕಾಲಿಡುವ ಮೊದಲೇ, ಕುಳಿತು, ನೋಯುವ ಕಾಲನ್ನು ಇನ್ನೊಂದರ ತೊಡೆಯ ಮೇಲಿಟ್ಟು, ಕಾಲ್ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಎಳೆಯಬೇಕು. ಅಂಗಾಲಿನ ಹೆದೆ ಬಿಗಿದುದು ಬೆರಳಿಗೆ ತಿಳಿಯಬೇಕು. ಹತ್ತು ಎಣಿಸುವವರೆಗೆ ಹಿಡಿದು ಬಿಡಬೇಕು. ಹೀಗೆ ಹತ್ತು ಬಾರಿ. ದಿನಕ್ಕೆ ಮೂರು ಹೊತ್ತು. ಜೊತೆಗೆ ಗೋಡೆಗೆ ಕೈಕೊಟ್ಟು ನಿಂತು ಮೀನಖಂಡವನ್ನು ಹಿಗ್ಗಿಸುವುದು. ಡೆನ್ಮಾರ್ಕಿನ ಸಂಶೋಧಕರು 48 ರೋಗಿಗಳ ಮೇಲೆ ಪರೀಕ್ಷಿಸಿದ ಇನ್ನೊಂದು ಕ್ರಮವಿದೆ: ಮೆಟ್ಟಿಲಿನ ಮೇಲೆ ಸುರುಳಿ ಸುತ್ತಿದ ಟವಲನ್ನು ಬೆರಳುಗಳ ಕೆಳಗಿಟ್ಟು, ದಿನ ಬಿಟ್ಟು ದಿನ, ನಿಧಾನವಾಗಿ ಹಿಮ್ಮಡಿಯನ್ನು ಎತ್ತುವುದು, ಇಳಿಸುವುದು. ಮೂರು ತಿಂಗಳಿಗೆ ಇದರ ಫಲ ಬರಿಯ ಎಳೆತದ ವ್ಯಾಯಾಮಕ್ಕಿಂತ ಚೆನ್ನಾಗಿತ್ತು. ವರ್ಷದ ಕೊನೆಗೆ ಎರಡು ಗುಂಪುಗಳೂ ಹೆಚ್ಚುಕಡಮೆ ಒಂದೇ ಕಡೆ ಬಂದು ನಿಂತಿದ್ದುವು. ಕಾಲಪುರುಷನ ಕೈಗುಣವೂ ಇಲ್ಲಿ ಕೆಲಸಮಾಡುತ್ತದೆಂಬುದಕ್ಕೆ ಇದೇ ಸಾಕ್ಷಿ. ಈ ನೋವು ಬಹುಪಾಲು ಮಂದಿಗೆ ಶಸ್ತ್ರವಿಲ್ಲದೆಯೇ ಇಳಿಯುತ್ತದೆ. ಆದರೆ ಅದು ವಾರಗಳ ಮಾತಲ್ಲ, ತಿಂಗಳುಗಳ ಮಾತು. ಆದುದರಿಂದಲೇ ಆರು ತಿಂಗಳಿಂದ ಒಂದು ವರ್ಷದವರೆಗೆ ಶ್ರದ್ಧೆಯಿಂದ ಚಿಕಿತ್ಸೆ ನಡೆಸಿಯೂ ಗುಣ ಕಾಣದವರಿಗೆ ಮಾತ್ರ ವೈದ್ಯರು ಶಸ್ತ್ರದ ಮಾತೆತ್ತುತ್ತಾರೆ.

ಕತ್ತರಿಯ ಲಾಭನಷ್ಟ

ಹಾಗಾದರೆ ಶಸ್ತ್ರವೈದ್ಯರು ಮಾಡುವುದೇನು? ಬಿಗಿದ ಹೆದೆಯನ್ನು ಹಿಮ್ಮಡಿಯ ಬಳಿ, ಒಳಮಗ್ಗುಲಿನಲ್ಲಿ, ಸ್ವಲ್ಪ ಕೊಯ್ದು ಸಡಿಲಿಸುತ್ತಾರೆ. ಚರ್ಮವನ್ನು ತೆರೆದೂ ಮಾಡಬಹುದು. ಸಣ್ಣ ರಂಧ್ರದಿಂದ ದರ್ಶಕನಳಿಕೆಯನ್ನು ತೂರಿಸಿಯೂ ಮಾಡಬಹುದು. ಈ ಎರಡನೆಯ ವಿಧಾನ 1990ರ ದಶಕದಿಂದ ಬಳಕೆಗೆ ಬಂದಿತು. ಮೀನಖಂಡ ಬಹಳ ಬಿಗಿದಿದ್ದರೆ, ಪಾದವನ್ನು ಮುಟ್ಟದೆ ಅಲ್ಲಿನ ಸ್ನಾಯುವನ್ನು ಉದ್ದಮಾಡುವ ಶಸ್ತ್ರಕ್ರಿಯೆಯೂ ಉಂಟು. ಸಾಮಾನ್ಯವಾಗಿ ರೋಗಿ ಅದೇ ದಿನ ಮನೆಗೆ ಮರಳಬಹುದು.

ಇಷ್ಟು ಕೇಳಿದರೆ ಸುಲಭವೆನಿಸುತ್ತದೆ. ಆದರೆ ಬಿಲ್ಲಿನ ಹೆದೆಯನ್ನು ಪೂರ್ತಿ ಕತ್ತರಿಸಿದರೆ ಬಿಲ್ಲು ಬಿಲ್ಲಾಗಿ ಉಳಿದೀತೆ? ಪಟ್ಟಿಯನ್ನು ಅರ್ಧಕ್ಕಿಂತ ಹೆಚ್ಚು ಕೊಯ್ದರೆ ಅಂಗಾಲಿನ ಕಮಾನು ಕುಸಿಯುವ, ಭಾರವೆಲ್ಲ ಪಾದದ ಹೊರಮಗ್ಗುಲಿಗೆ ಬಿದ್ದು ಅಲ್ಲಿ ಹೊಸ ನೋವು ಹುಟ್ಟುವ ಸಂಭವವಿದೆ. ಆದುದರಿಂದ ಕತ್ತರಿ ಅಳತೆ ಮೀರದಂತೆ ನೋಡಿಕೊಳ್ಳುತ್ತಾರೆ. ಸಮೀಪದ ಸಣ್ಣ ನರಕ್ಕೆ ಪೆಟ್ಟಾಗಿ ಜೋಮು ಉಳಿಯಬಹುದು, ಗಾಯ ಕೀವಾಗಬಹುದು, ಕಲೆ ನೋಯಬಹುದು, ಎಲ್ಲ ಮುಗಿದ ಮೇಲೂ ಹಳೆಯ ನೋವು ಹೋಗದೆ ಇರಬಹುದು. ಇವು ಎಲ್ಲರಿಗೂ ಆಗುವುದಿಲ್ಲ. ಆದರೆ ಯಾರಿಗೆ ಆಗುತ್ತದೆಂದು ಮುಂದಾಗಿ ಹೇಳುವವರಿಲ್ಲ. ವ್ಯಾಯಾಮವನ್ನು ನಾಳೆ ನಿಲ್ಲಿಸಬಹುದು. ಕೊಯ್ದ ಹೆದೆಯನ್ನು ನಾಳೆ ಮೊದಲಿನಂತೆ ಜೋಡಿಸಲು ಬರುವುದಿಲ್ಲ.

ಭಾವನವರ ದಾರಿ

ಇಷ್ಟನ್ನೇ ಹೇಳಿ ನಿಲ್ಲಿಸಿದರೆ, ಶಸ್ತ್ರವೆಂದರೆ ಹೆದರಬೇಕೆಂದು ಓದುಗರು ತಿಳಿದಾರು. ಅದು ಅನ್ಯಾಯ. ನನ್ನ ಅಕ್ಕನ ಯಜಮಾನರು ನಗರದ ಬಸ್ಸಿನಲ್ಲಿ ಕಂಡಕ್ಟರು. ಅಲುಗಾಡುವ ಬಸ್ಸಿನಲ್ಲಿ ದಿನವಿಡೀ ನಿಲ್ಲುವ ವೃತ್ತಿ. ಅವರು ನನ್ನಂತೆ ಹತ್ತು ದಿನದ ಶೂರರಲ್ಲ. ಎರಡು ವರ್ಷ ವ್ಯಾಯಾಮ ಮಾಡಿದರು, ಮೆತ್ತನೆಯ ಹಿಮ್ಮಡಿಯ ಬೂಟು ಹಾಕಿದರು, ರಾತ್ರಿ ಪಾದಕ್ಕೆ ಪಟ್ಟಿ ಕಟ್ಟಿ ಮಲಗಿದರು, ಆಘಾತತರಂಗದ ಚಿಕಿತ್ಸೆಯನ್ನೂ ಪಡೆದರು, ಎಂಟು ಕಿಲೋ ತೂಕ ಇಳಿಸಿದರು. ನೋವು ಮಾತ್ರ ಇಳಿಯಲಿಲ್ಲ. 2021ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು.

"ನೋಡಪ್ಪಾ, ಕೊಯ್ಯಿಸಿದ ಮರುದಿನವೇ ಮಾಯವಾಯಿತು ಅಂತ ತಿಳೀಬೇಡ" ಎಂದರು ಭಾವ. "ಎರಡೂವರೆ ತಿಂಗಳು ಕೆಲಸಕ್ಕೆ ಹೋಗಲಿಲ್ಲ. ಪಾದದ ಹೊರಗಡೆ ಇನ್ನೂ ಕೆಲವು ತಿಂಗಳು ನೋಯ್ತಿತ್ತು. ಆದರೆ ಕಾಯುತ್ತಾ ಕೂತಿದ್ದರೆ ಕೆಲಸವನ್ನೇ ಬಿಡಬೇಕಾಗಿತ್ತು. ನನಗೆ ಅದು ಸರಿಯಾಯಿತು."

ಅವರ ಮಾತಿಗೆ ಶಾಸ್ತ್ರದ ಬೆಂಬಲವೂ ಇಲ್ಲದಿಲ್ಲ. 2020ರಲ್ಲಿ ಡೆನ್ಮಾರ್ಕಿನಿಂದ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ದರ್ಶಕನಳಿಕೆಯ ಮೂಲಕ ಶಸ್ತ್ರಚಿಕಿತ್ಸೆ ಪಡೆದವರು ಶಸ್ತ್ರವಿಲ್ಲದ ಚಿಕಿತ್ಸೆಯವರಿಗಿಂತ ಹೆಚ್ಚು ಸುಧಾರಿಸಿದರು. ಆದರೆ ಅದರಲ್ಲಿದ್ದವರು ಒಟ್ಟು 30 ಮಂದಿ. ಅಷ್ಟರಿಂದ ಎಲ್ಲರ ಹಿಮ್ಮಡಿಗೂ ತೀರ್ಪು ಬರೆಯಲಾಗದು.

ನಿಶ್ಚಯಕ್ಕೆ ಮುನ್ನ

ಹೀಗಿರಲು, ಕೊಯ್ಯಿಸಿಕೊಳ್ಳುವುದು ಧೈರ್ಯವೂ ಅಲ್ಲ, ಬೇಡವೆನ್ನುವುದು ಪುಕ್ಕಲುತನವೂ ಅಲ್ಲ. ಪ್ರಶ್ನೆ ಬೇರೆಯೇ ಇದೆ. ಮೊದಲನೆಯದಾಗಿ, ನೋವು ಈ ಪಟ್ಟಿಯದೇ ಹೌದೇ? ಮೂಳೆಯ ಕೂದಲೆಳೆಯ ಬಿರುಕು, ಸಿಕ್ಕಿಬಿದ್ದ ನರ, ಕೀಲುಗಳ ವಾತರೋಗ, ಇವುಗಳೂ ಹಿಮ್ಮಡಿಯಲ್ಲಿಯೇ ಮಾತಾಡುತ್ತವೆ. ಮಲಗಿದಾಗಲೂ ನೋವು, ಜ್ವರ, ಊತ, ಜೋಮು, ಅಥವಾ ಹರಯದಲ್ಲಿಯೇ ಎರಡೂ ಹಿಮ್ಮಡಿಗಳ ನೋವಿನೊಡನೆ ಬೆಳಗಿನ ಹೊತ್ತು ಬೆನ್ನು ಬಿಗಿತ ಇದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಎರಡನೆಯದಾಗಿ, ಶಸ್ತ್ರವಿಲ್ಲದ ಚಿಕಿತ್ಸೆಗೆ ಸಲ್ಲಬೇಕಾದ ತಿಂಗಳುಗಳನ್ನು ಪ್ರಾಮಾಣಿಕವಾಗಿ ಸಲ್ಲಿಸಿದ್ದೇವೆಯೇ? ಮೂರನೆಯದಾಗಿ, ಶಸ್ತ್ರದ ಮೇಲೆ ಕಾಲಿಗೆ ವಿಶ್ರಾಂತಿ ಕೊಡುವಷ್ಟು ರಜೆಯೂ ಮನೆಯಲ್ಲಿ ಕೈಹಿಡಿಯುವವರೂ ಇದ್ದಾರೆಯೇ? ಸಕ್ಕರೆ ಕಾಯಿಲೆಯವರಿಗೆ ಗಾಯ ಮಾಯುವುದು ತಡವಾದೀತೆಂಬುದನ್ನೂ ನೆನೆಯಬೇಕು. ಪಾದದಲ್ಲಿ ಸ್ಪರ್ಶಜ್ಞಾನ ಕುಂದಿರುವ ಅಂಥವರು ಬಿಸಿ ಇಟ್ಟಿಗೆಯ ಉಪಚಾರಕ್ಕೆ ಕೈಹಾಕದಿರುವುದೇ ಲೇಸು, ಸುಟ್ಟುದೇ ತಿಳಿಯದು. ಚುಚ್ಚುಮದ್ದಿನ ಶಮನವೂ ಹೆಚ್ಚು ಕಾಲ ಬಾಳುವುದಲ್ಲ. ಪದೇಪದೇ ಹಾಕಿಸಿದರೆ ಪಟ್ಟಿ ಹರಿಯುವ, ಹಿಮ್ಮಡಿಯ ಮೆತ್ತೆ ಸವೆಯುವ ಭಯವುಂಟು.

ಈ ಮೂರು ಪ್ರಶ್ನೆಗಳಿಗೂ ಭಾವನವರ ಬಳಿ ಉತ್ತರವಿತ್ತು. ನನ್ನ ಬಳಿ ಎರಡನೆಯದಕ್ಕೆ ಇರಲಿಲ್ಲ. ಆದುದರಿಂದ ಅವರು ಕೊಯ್ಯಿಸಿದುದೂ ಸರಿ. ನಾನು ದಸರೆಯ ದಿನಾಂಕವನ್ನು ರದ್ದುಮಾಡಿ ಮನೆಗೆ ಮರಳಿದುದೂ ಸರಿ.

ಆ ಬಳಿಕ ನಾಲ್ಕು ತಿಂಗಳು ಒಂದು ಹೊತ್ತೂ ತಪ್ಪಿಸಲಿಲ್ಲ. ತರಗತಿಯಲ್ಲಿ ಕುರ್ಚಿಯೊಂದನ್ನು ಹಾಕಿಸಿಕೊಂಡೆ. ಮನೆಯಲ್ಲಿಯೂ ಬರಿಗಾಲಿನಲ್ಲಿ ನಡೆಯುವುದನ್ನು ಬಿಟ್ಟೆ. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳು ದಬ್ಬಳ ಸೂಜಿಯಾಯಿತು. ನಾಲ್ಕನೆಯ ತಿಂಗಳ ಒಂದು ಬೆಳಗ್ಗೆ ಸ್ನಾನದ ಮನೆಯವರೆಗೆ ನಡೆದುಹೋದ ಮೇಲೆ, ಗೋಡೆ ಹಿಡಿಯಲಿಲ್ಲವಲ್ಲ ಎಂದು ನೆನಪಾಯಿತು. ನೋವು ಪೂರ್ತಿ ಹೋಯಿತೆನ್ನಲಾರೆ. ಬಹಳ ನಿಂತ ದಿನ ಬಂದು ಮುಖ ತೋರಿಸಿ ಹೋಗುತ್ತದೆ. ಮತ್ತೆ ಕೆರಳಿ, ಮತ್ತೊಂದು ವರ್ಷ ನಿಷ್ಠೆಯಿಂದ ದುಡಿದರೂ ಜಗ್ಗದಿದ್ದರೆ, ನಾನೂ ಭಾವನವರ ದಾರಿಯನ್ನೇ ಹಿಡಿದೇನು; ಆಗ ಮನಸ್ಸಿನಲ್ಲಿ ಅಳುಕಿರಲಾರದು.

ಮುಂಜಾನೆ ಎದ್ದು ಭೂಮಿಗೆ ಕಾಲಿಡುವ ಮುನ್ನ ಭೂತಾಯಿಯ ಕ್ಷಮೆ ಬೇಡುವುದು ನಮ್ಮ ಹಿರಿಯರ ಪದ್ಧತಿ. ಚಿಕ್ಕಂದಿನಲ್ಲಿ ಅಜ್ಜಿ ಕಲಿಸಿದ ಆ ಶ್ಲೋಕವನ್ನು ನಡುವೆ ಎಷ್ಟೋ ವರ್ಷ ಮರೆತಿದ್ದೆ. ಈಗ ಹಾಸಿಗೆಯ ಅಂಚಿನಲ್ಲಿ ಕುಳಿತು, ಕಾಲ್ಬೆರಳುಗಳನ್ನು ಹಿಡಿದೆಳೆದು ಹತ್ತು ಎಣಿಸುವ ಬದಲು ಅದನ್ನೇ ಹೇಳಿಕೊಳ್ಳುತ್ತೇನೆ. ಹೊತ್ತು ಸರಿಯಾಗಿ ಹೊಂದುತ್ತದೆ.